ಹಬೆ ಬಂದ್ರೂ ಹೇಸರಗತ್ತೆ ಕೆಲಸ ಬಿಡ್ಲಿಲ್ಲ: ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕದ ಈರಿ ಕಾಲುವೆಗೆ 2025ಕ್ಕೆ ಇನ್ನೂರು ವರ್ಷ ತುಂಬ್ತು ಅಂತ ಹಿಂದೊಮ್ಮೆ ಒಂದು ಪುಟ್ಟ ಟಿಪ್ಪಣಿ ಹಾಕಿದ್ವಿ. ನ್ಯೂಯಾರ್ಕ್ ರಾಜ್ಯದಲ್ಲಿ ಹಡ್ಸನ್ ನದಿ ದಂಡೆಯ ಆಲ್ಬನಿಯಿಂದ ಈರಿ ಸರೋವರದ ಬಫಲೋವರೆಗೆ 363 ಮೈಲಿ ಉದ್ದಕ್ಕೆ ಕೈಯಲ್ಲೇ ಅಗೆದ ಕಾಲುವೆ ಅದು. ಖರ್ಚು ಸುಮಾರು 70 ಲಕ್ಷ ಡಾಲರ್, ಆಲ್ಬನಿಗಿಂತ ಬಫಲೋ ಸುಮಾರು 570 ಅಡಿ ಎತ್ತರ, ದೋಣಿ ಎಳೀತಿದ್ದಿದ್ದು ದಂಡೆ ಮೇಲೆ ನಡೆಯೋ ಹೇಸರಗತ್ತೆಗಳು. ಅದಕ್ಕೆ ಇಷ್ಟೊಂದು ಪ್ರಶ್ನೆ ಬರ್ತವೆ ಅಂತ ಅಂದ್ಕೊಂಡಿರ್ಲಿಲ್ಲ. ಒಂದೇ ಥರದ್ದನ್ನ ಸೇರಿಸಿ, ಹೆಸರು ಬಿಟ್ಟು ಊರು ಮಾತ್ರ ಹಾಕಿ ಉತ್ತರ ಕೊಡ್ತಿದೀವಿ.

ಹುಬ್ಬಳ್ಳಿಯಿಂದ: ಸರ್, ಫುಲ್ಟನ್ ಅನ್ನಾವ 1807ರಾಗ ಸ್ಟೀಮ್ ಬೋಟ್ ಓಡಿಸ್ಯಾನ ಅಂತ ನೀವ ಬರದೀರಿ. ಕಾಲುವಿ ಮುಗದದ್ದು 1825. ಅಂದ್ರ ಹದಿನೆಂಟು ವರ್ಷ ಆದಮ್ಯಾಲೂ ದೋಣಿ ಎಳ್ಯಾಕ ಹೇಸರಗತ್ತಿ ಯಾಕ ಬೇಕಾದ್ವು? ಇಂಜಿನ್ ಹಚ್ಚಾಕ ಬರ್ತಿರಲಿಲ್ಲೇನು?

ಹಚ್ಚೋಕೆ ಬರ್ತಿತ್ತು, ಆದ್ರೆ ಹಚ್ಚಿದ್ರೆ ಕಾಲುವೇನೇ ಉಳೀತಿರ್ಲಿಲ್ಲ. ಮೊದಲನೇ ಈರಿ ಕಾಲುವೆ ಮೇಲ್ಗಡೆ 40 ಅಡಿ ಅಗಲ, ತಳದಲ್ಲಿ 28 ಅಡಿ, ನೀರು ಬರೀ 4 ಅಡಿ, ಅಂದ್ರೆ ನಿಂತ್ರೆ ಎದೆಮಟ್ಟ. ಎರಡೂ ಕಡೆ ಮಣ್ಣಿನ ಏರಿ. ಇದರೊಳಗೆ ಚಕ್ರ ತಿರುಗಿಸ್ಕೊಂಡು ಸ್ಟೀಮರ್ ಹೋದ್ರೆ ಎದ್ದ ಅಲೆಗೆ ಬೇರೆ ಎಲ್ಲೂ ಹೋಗೋಕೆ ಜಾಗ ಇಲ್ಲ, ಸೀದಾ ಏರಿಗೇ ಬಡಿದು ಮಣ್ಣು ಕೆಡವುತ್ತೆ, ಏರಿ ಒಡೆದ್ರೆ ಪಕ್ಕದ ಹೊಲ ಮುಳುಗೋದಲ್ದೆ ರಿಪೇರಿ ಆಗೋವರೆಗೂ ಆ ಭಾಗದ ದೋಣಿ ಎಲ್ಲಾ ನಿಂತಲ್ಲೇ ನಿಲ್ಬೇಕು. ಅದಕ್ಕೇ ಅಲ್ಲಿ ವೇಗದ ಮಿತಿ ಗಂಟೆಗೆ 4 ಮೈಲಿ ಅಂತ ಇಟ್ಟಿದ್ರು, ಮನುಷ್ಯ ಬಿರುಸಾಗಿ ನಡೆದಷ್ಟು. ಅಷ್ಟು ನಿಧಾನ ಹೋಗೋದಾದ್ರೆ ಇಂಜಿನ್ ಯಾಕೆ ಬೇಕು ಹೇಳಿ.

ಎರಡನೇದು ಜಾಗದ ಲೆಕ್ಕ. ಲಾಕ್ ಅಂದ್ರೆ ದೋಣೀನ ಮೇಲಿನ ಮಟ್ಟಕ್ಕೆ ಏರಿಸೋ, ಕೆಳಗಿನ ಮಟ್ಟಕ್ಕೆ ಇಳಿಸೋ ಕಲ್ಲಿನ ತೊಟ್ಟಿ, ಅದು 90 ಅಡಿ ಉದ್ದ 15 ಅಡಿ ಅಗಲ, ದೋಣಿ ಅದರೊಳಗೆ ಹಿಡಿಸ್ಬೇಕು. ಆಗಿನ ದೋಣಿ ಹೊರ್ತಿದ್ದಿದ್ದು ಸುಮಾರು 30 ಟನ್. ಅಷ್ಟರಲ್ಲೇ ಬಾಯ್ಲರು, ಇಂಜಿನ್ನು, ಸೌದೆ ಎಲ್ಲಾ ತುಂಬಿದ್ರೆ ಬಾಡಿಗೆ ತರೋ ಸರಕಿಗೆ ಎಲ್ಲಿ ಜಾಗ? ಹೇಸರಗತ್ತೆ ದೋಣಿ ಹೊರಗೆ ದಂಡೆ ಮೇಲೆ ನಡೀತಾ ಇರುತ್ತೆ, ಅದರ ಭಾರ ದೋಣಿಗಿಲ್ಲ. ರಸ್ತೆ ಮೇಲೆ ಗಾಡಿಗೆ ಕಟ್ಟಿದ್ರೆ ಒಂದು ಟನ್ ಎಳೆಯೋಕೇ ಒದ್ದಾಡೋ ಪ್ರಾಣಿ ನಿಂತ ನೀರಿನ ಮೇಲೆ ಹತ್ತಾರು ಟನ್ ಎಳಿಯುತ್ತೆ. ನನ್ನ ಕೇಳಿದ್ರೆ ಇಡೀ ಈ ಕತೆಯ ಗುಟ್ಟು ಇಷ್ಟೇ. ನಾವು ಶಾಲೇಲಿ ಓದಿದ್ದು ಹಬೆ ಬಂತು ಜಗತ್ತು ಬದಲಾಯ್ತು ಅಂತ, ಆದ್ರೆ ಒಳನಾಡಿನ ಸರಕಿನ ದರ ಮೊದಲು ಕೆಡವಿದ್ದು ನಾಕಡಿ ನೀರು ಮತ್ತು ಒಂದು ಹಗ್ಗ.

ಹೇಸರಗತ್ತೆಗಳಿಗೂ ಪಾಳಿ ಇತ್ತು, ಆರು ಗಂಟೆ ಕೆಲಸ ಆರು ಗಂಟೆ ರೆಸ್ಟ್. ಆಮೇಲಾಮೇಲೆ ಎಷ್ಟೋ ಸರಕು ದೋಣಿಗಳ ಮೂತಿಯಲ್ಲೇ ಒಂದು ಪುಟ್ಟ ಲಾಯ ಇರ್ತಿತ್ತು, ಒಂದು ಜೋಡಿ ಎಳೀತಿರುವಾಗ ಇನ್ನೊಂದು ಜೋಡಿ ಅಲ್ಲೇ ಹುಲ್ಲು ತಿಂತಾ ಬರೋದು. ಅವನ್ನ ಹೊಡ್ಕೊಂಡು ಹೋಗೋರು ಬಹಳ ಸಲ ಸಣ್ಣ ಹುಡುಗರು, ಮಳೆ ಕತ್ತಲೆ ಅನ್ನದೆ ನಡೀಬೇಕು. ಅದನ್ನ ಯಾರೂ ಚಿತ್ರದಲ್ಲಿ ಅಷ್ಟಾಗಿ ತೋರಿಸಲ್ಲ.

ಹಾಗಂತ ಹಬೆ ಸುಮ್ನೆ ಕೂತಿರ್ಲಿಲ್ಲ. ಕಾಲುವೆಯ ಎರಡೂ ತುದೀಲಿ ಅದೇ ರಾಜ. ದೋಣಿ ಆಲ್ಬನಿ ಮುಟ್ಟಿದ ಕೂಡ್ಲೆ ಹಗ್ಗ ಬಿಚ್ಚಿ, ಹತ್ತಾರು ದೋಣಿ ಒಂದಕ್ಕೊಂದು ಕಟ್ಟಿ, ಸ್ಟೀಮರಿಗೆ ಸಿಕ್ಕಿಸಿ ಹಡ್ಸನ್ ನದಿಯಲ್ಲಿ ನ್ಯೂಯಾರ್ಕ್ ಸಿಟಿವರೆಗೆ ಎಳ್ಕೊಂಡು ಹೋಗೋರು. ಆ ಕಡೆ ಈರಿ ಸರೋವರದಲ್ಲಿ 1818ರಲ್ಲೇ 'ವಾಕ್-ಇನ್-ದ-ವಾಟರ್' ಅನ್ನೋ ಸ್ಟೀಮರ್ ಇಳಿದಿತ್ತು, ಅದರ ಒಂದು ತಮಾಷೆ ಹೇಳ್ತೀನಿ, ಬಫಲೋ ಪಕ್ಕದ ಬ್ಲ್ಯಾಕ್ ರಾಕ್ ಹತ್ರ ನಯಾಗರಾ ನದಿ ಸೆಳವು ಎಷ್ಟು ಜೋರು ಅಂದ್ರೆ ಆ ಇಂಜಿನ್ನಿಗೆ ಮೇಲೆ ಹತ್ತೋ ದಮ್ ಇರ್ಲಿಲ್ಲ, ದಂಡೆಯಿಂದ ಎತ್ತುಗಳನ್ನ ಕಟ್ಟಿ ಸ್ಟೀಮರನ್ನೇ ಎಳೆಸ್ತಿದ್ರು! ಇನ್ನು 1842ರಲ್ಲಿ ಬಫಲೋದ ವ್ಯಾಪಾರಿ ಜೋಸೆಫ್ ಡಾರ್ಟ್ ಅನ್ನೋರು ಎಂಜಿನಿಯರ್ ರಾಬರ್ಟ್ ಡನ್ಬಾರ್ ಜೊತೆ ಸೇರಿ ಹಬೆಯಿಂದ ಓಡೋ ಬಕೆಟ್ ಸರಪಳಿ ಮಾಡಿಸಿದ್ರು, ಹಡಗಿನ ಹೊಟ್ಟೆಗೆ ಇಳಿಬಿಟ್ರೆ ಕಾಳು ತಾನಾಗೇ ಗೋದಾಮಿನ ಮೇಲಕ್ಕೆ ಏರೋದು. ಅಲ್ಲಿವರೆಗೂ ಆ ಗೋಧಿಯೆಲ್ಲ ಕೂಲಿಗಳ ಬೆನ್ನ ಮೇಲೆ ಮೂಟೆಮೂಟೆಯಾಗಿ ಇಳೀತಿತ್ತು, ಅವರಲ್ಲಿ ಐರಿಷ್‌ನವರೇ ಬಹಳ.

ಕಾಲುವೆ ಒಳಗೇ ಹಬೆ ತರ್ಬೇಕು ಅನ್ನೋ ಆಸೆ ಮಾತ್ರ ಸರ್ಕಾರಕ್ಕೆ ಹೋಗ್ಲಿಲ್ಲ. 1871ರಲ್ಲಿ ನ್ಯೂಯಾರ್ಕ್ ರಾಜ್ಯ 1 ಲಕ್ಷ ಡಾಲರ್ ಬಹುಮಾನ ಅಂತ ಘೋಷಣೆ ಮಾಡ್ತು, ಏರಿ ಕೆಡಿಸ್ದೆ ಲಾಭದಲ್ಲಿ ಓಡೋ ಯಂತ್ರದ ದೋಣಿ ತೋರ್ಸಿ ಅಂತ. ಆ ಹೊತ್ತಿಗೆ ಕಾಲುವೆ ಶುರುವಾಗಿ ಹತ್ರಹತ್ರ ಅರ್ಧ ಶತಮಾನ, ನೋಡಿ.

ಉಡುಪಿಯಿಂದ: ರಸ್ತೆ ಇರ್ಲಿಲ್ವಾ ಮಾರಾಯ್ರೆ? 70 ಲಕ್ಷ ಡಾಲರ್ ಮಣ್ಣಿಗೆ ಹಾಕುವಷ್ಟು ಅರ್ಜೆಂಟ್ ಏನಿತ್ತು?

ರಸ್ತೆ ಇತ್ತು, ಅದೇ ತಾಪತ್ರಯ. 1816ರಲ್ಲಿ ಅಮೆರಿಕದ ಸೆನೆಟ್ಟಿನ ಒಂದು ಸಮಿತಿ ಲೆಕ್ಕ ಹಾಕಿತ್ತು: ಯುರೋಪಿನಿಂದ 3,000 ಮೈಲಿ ಸಮುದ್ರ ದಾಟಿಸಿ ಒಂದು ಟನ್ ಸರಕು ತರೋಕೆ ಸುಮಾರು 9 ಡಾಲರ್, ಅದೇ 9 ಡಾಲರಿಗೆ ಅಮೆರಿಕದೊಳಗೆ ಗಾಡಿಯಲ್ಲಿ ಬರೀ 30 ಮೈಲಿ! ಬಫಲೋದಿಂದ ನ್ಯೂಯಾರ್ಕಿಗೆ ಒಂದು ಟನ್ನಿಗೆ 100 ಡಾಲರ್ ಆಗ್ತಿತ್ತು, ಮೂರು ವಾರದ ಹತ್ರ ಟೈಮು. ಗೋಧಿ ಬೆಳೆದವನು ಬಾಡಿಗೇನೇ ಗೋಧಿ ಬೆಲೆಗಿಂತ ಜಾಸ್ತಿ ಆದ್ರೆ ಏನ್ ಮಾಡ್ಬೇಕು? ಒಳನಾಡಿನ ರೈತರು ಜೋಳ ಕಾಳು ಎಲ್ಲಾ ಕಾಯಿಸಿ ವಿಸ್ಕಿ ಮಾಡ್ತಿದ್ರು, ಕುಡಿಯೋ ಚಟಕ್ಕೆ ಅಂತಲ್ಲ, ಪೀಪಾಯಿ ಸಾಗಿಸೋದು ಕಾಳಿಗಿಂತ ಸುಲಭ, ದುಡ್ಡೂ ಜಾಸ್ತಿ.

ಇಲ್ಲಿ ಜೆಸ್ಸಿ ಹಾಲಿ ಅನ್ನೋನ ಬಗ್ಗೆ ಹೇಳ್ಲೇಬೇಕು. ಹಿಟ್ಟಿನ ವ್ಯಾಪಾರಿ. ಇದೇ ಸಾಗಾಣಿಕೆ ಕಾಟದಲ್ಲಿ ದಿವಾಳಿ ಎದ್ದು ಸಾಲಗಾರರ ಜೈಲು ಸೇರಿದ. ಜೈಲಲ್ಲಿ ಕೂತು 1807-08ರಲ್ಲಿ 'ಹರ್ಕ್ಯುಲಿಸ್' ಅನ್ನೋ ಗುಪ್ತನಾಮದಲ್ಲಿ ಪತ್ರಿಕೆಗೆ ಲೇಖನದ ಮೇಲೆ ಲೇಖನ ಬರೆದ, ಈರಿ ಸರೋವರದಿಂದ ಹಡ್ಸನ್‌ವರೆಗೆ ಕಾಲುವೆ ತೋಡಿ ಅಂತ. ದಿವಾಳಿಯಾದವನ ಮಾತು ಯಾರು ಕೇಳ್ತಾರೆ ಅಂತೀರಾ, ನಿಧಾನಕ್ಕೆ ಕೇಳಿದ್ರು. ಪ್ರೆಸಿಡೆಂಟ್ ಜೆಫರ್ಸನ್ ಹತ್ರ 1809ರಲ್ಲಿ ಈ ಪ್ಲಾನ್ ತಗೊಂಡ್ಹೋದಾಗ ಅವರು ಇದು ಹುಚ್ಚುತನಕ್ಕೆ ಹತ್ರ ಅಂದ್ಬಿಟ್ರು. 1817ರಲ್ಲಿ ಅವರ ನಂತರದ ಪ್ರೆಸಿಡೆಂಟ್ ಮ್ಯಾಡಿಸನ್ ಕಾಲುವೆ-ರಸ್ತೆಗಳಿಗೆ ಕೇಂದ್ರದ ದುಡ್ಡು ಕೊಡೋ ಮಸೂದೆಗೆ ವೀಟೋ ಹಾಕಿದ್ರು. ಕೊನೆಗೆ ರಾಜ್ಯವೇ ಸಾಲಪತ್ರ ಮಾರಿ ದುಡ್ಡೆತ್ತಿ 1817ರ ಜುಲೈ 4ಕ್ಕೆ ಗುದ್ದಲಿ ಹಾಕ್ತು. ಹಠ ಹಿಡಿದಿದ್ದು ಗವರ್ನರ್ ಡಿವಿಟ್ ಕ್ಲಿಂಟನ್, ಅದಕ್ಕೇ ಜನ ಅದನ್ನ 'ಕ್ಲಿಂಟನ್ನನ ಗುಂಡಿ' ಅಂತ ಆಡ್ಕೊಂಡ್ರು. ಸ್ಟೀಮ್ ಬೋಟಿನ ಫುಲ್ಟನ್ ಕೂಡ 1811ರಿಂದ ಈ ಕಾಲುವೆ ಆಯೋಗದ ಸದಸ್ಯ, ಬೋಟಿಗಿಂತ ಎಷ್ಟೋ ಮೊದಲು 1796ರಲ್ಲೇ ಕಾಲುವೆಗಳ ಬಗ್ಗೆ ಪುಸ್ತಕ ಬರೆದಿದ್ದ. ನಾವೀಗ ಹಬೆ ಬೇರೆ ಕಾಲುವೆ ಬೇರೆ ಅಂತ ಎರಡು ಪಾಠ ಮಾಡಿ ಓದ್ತೀವಿ, ಅವನಿಗೆ ಎರಡೂ ಒಂದೇ ಕೆಲಸ.

ಕಾಲುವೆ ತೆರೆದ ಮೇಲೆ 100 ಡಾಲರ್ ಇದ್ದಿದ್ದು 10ಕ್ಕೆ ಬಂತು, ಆಮೇಲೆ ಅದಕ್ಕಿಂತ ಕೆಳಗೆ. ಟೈಮು ಎಂಟತ್ತು ದಿನ. ದಾರಿಯಲ್ಲಿದ್ದ ರಾಚೆಸ್ಟರ್ 1820ರಲ್ಲಿ ಸುಮಾರು 1,500 ಜನರ ಹಳ್ಳಿ, 1830ಕ್ಕೆ 9,000 ದಾಟಿ ಹಿಟ್ಟಿನ ಗಿರಣಿ ಊರು ಅಂತ ಹೆಸರಾಗಿತ್ತು. ಇದರ ಇನ್ನೊಂದು ಮುಖಾನೂ ಹೇಳ್ಬೇಕು, ಕಾಲುವೆ ಹೋಗಿದ್ದು ಅಲ್ಲಿನ ಮೂಲನಿವಾಸಿಗಳಾದ ಇರೋಕ್ವಾ ಜನಾಂಗಗಳ ನಾಡಿನ ಮಧ್ಯೆ, ಅವರ ಜಮೀನು ಮೊದಲೇ ಕೈಬಿಟ್ಟು ಹೋಗ್ತಿತ್ತು, ಕಾಲುವೆ ಬಂದ್ಮೇಲೆ ವಲಸೆಗಾರರು ನುಗ್ಗಿ ಅದು ಇನ್ನೂ ಜೋರಾಯ್ತು. ಅಗೆದೋರಲ್ಲೂ 1819ರಲ್ಲಿ ಮಾಂಟೆಜುಮಾ ಅನ್ನೋ ಜೌಗಿನಲ್ಲಿ ಜ್ವರಕ್ಕೆ ಸಾವಿರದಷ್ಟು ಜನ ಮಲಗಿದ್ರು.

ಮಂಡ್ಯದಿಂದ: ನಮ್ಮೂರಲ್ಲಿ ವಿಶ್ವೇಶ್ವರಯ್ಯ ನಾಲೆ ಇದೆ, ನೀರು ತಗ್ಗಿಗೆ ಹರಿಯುತ್ತೆ ಅಷ್ಟೆ. ಅಲ್ಲಿ 570 ಅಡಿ ಎತ್ತರಕ್ಕೆ ದೋಣಿ ಹೇಗೆ ಹೋಗ್ತಿತ್ತು? ಪಂಪ್ ಇಟ್ಟಿದ್ರಾ?

ಪಂಪೂ ಇಲ್ಲ ಇಂಜಿನ್ನೂ ಇಲ್ಲ. ಬಕೆಟ್ಟಲ್ಲಿ ಲೋಟ ತೇಲಿಬಿಟ್ಟು ನಲ್ಲಿ ತಿರುಗಿಸಿ ನೋಡಿ, ನೀರು ಏರಿದಂಗೆ ಲೋಟಾನೂ ಏರುತ್ತೆ. ಲಾಕ್ ಅಂದ್ರೆ ಅಷ್ಟೇ. ಕಲ್ಲಿನ ತೊಟ್ಟಿ, ಎರಡೂ ಕಡೆ ಮರದ ಗೇಟು. ಕೆಳಗಿನ ಗೇಟು ತೆಗೆದು ದೋಣಿ ಒಳಗೆ ಬಿಡ್ತಾರೆ, ಗೇಟು ಹಾಕ್ತಾರೆ, ಮೇಲಿನ ಕಾಲುವೆ ನೀರನ್ನ ತೂಬಿನ ಮೂಲಕ ತೊಟ್ಟಿಗೆ ಬಿಡ್ತಾರೆ, ನೀರು ಮೇಲಿನ ಮಟ್ಟಕ್ಕೆ ಸಮ ಆದ್ಮೇಲೆ ಮೇಲಿನ ಗೇಟು ತೆಗೆದ್ರೆ ದೋಣಿ ಮುಂದಕ್ಕೆ. ಇಳಿಯೋದಾದ್ರೆ ಇದೇ ಉಲ್ಟಾ. ಗೇಟಿನ ಎರಡು ಬಾಗಿಲು ಮೇಲಿನ ನೀರಿನ ಕಡೆಗೆ ಮೂತಿ ಮಾಡಿ ಓರೆಯಾಗಿ ಕೂಡ್ತವೆ, ಹಾಗಾಗಿ ನೀರು ಒತ್ತಿದಷ್ಟೂ ಗಟ್ಟಿಯಾಗಿ ಮುಚ್ಕೊಳ್ತವೆ. ಪ್ರತಿ ಸಲ ಒಂದು ತೊಟ್ಟಿ ನೀರು ಕೆಳಗೆ ಹೋಗೇ ಹೋಗುತ್ತೆ, ಆದ್ರಿಂದ ಎತ್ತರದಲ್ಲಿ ಸದಾ ನೀರು ಇರ್ಬೇಕು. ಪಶ್ಚಿಮದ ಕಡೆಗೆ ಈರಿ ಸರೋವರವೇ ಇತ್ತು, ಮಧ್ಯದ ಭಾಗಕ್ಕೆ ಹೊಳೆ ಕೆರೆಗಳಿಂದ ಪೂರಕ ಕಾಲುವೆ ತಂದಿದ್ರು. ನಿಮ್ಮ ನಾಲೆಗೂ ಇದಕ್ಕೂ ಇರೋ ದೊಡ್ಡ ವ್ಯತ್ಯಾಸಾನೂ ಇದೇ, ಗದ್ದೆ ನಾಲೇಲಿ ನೀರು ಹರೀತಾ ಇರ್ಬೇಕು, ದೋಣಿ ಕಾಲುವೇಲಿ ನೀರು ಆದಷ್ಟೂ ನಿಂತಿರ್ಬೇಕು.

ಒಟ್ಟು 83 ಲಾಕ್, ಹೊಳೆಗಳ ಮೇಲೆ ಸೇತುವೆ ಕಟ್ಟಿ ಅದರ ಮೇಲೆ ಕಾಲುವೆ ದಾಟಿಸಿದ ಜಾಗ 18. ಲಾಕ್‌ಪೋರ್ಟ್ ಅನ್ನೋ ಕಡೆ ಸುಮಾರು 60 ಅಡಿ ಬಂಡೆ ಗೋಡೆ ಅಡ್ಡ ಬಂದಾಗ ಮೆಟ್ಟಿಲ ಥರ ಸಾಲಾಗಿ ಐದು ಲಾಕ್, ಅದೂ ಜೋಡಿ ಜೋಡಿ, ಒಂದು ಸಾಲು ಹತ್ತೋಕೆ ಇನ್ನೊಂದು ಇಳಿಯೋಕೆ. ಇದನ್ನೆಲ್ಲಾ ಮಾಡಿದ ಬೆಂಜಮಿನ್ ರೈಟ್, ಜೇಮ್ಸ್ ಗೆಡ್ಡಿಸ್ ಇಬ್ಬರೂ ನಿಜವಾದ ಎಂಜಿನಿಯರುಗಳಲ್ಲ, ಜಮೀನು ಅಳೆಯೋ ಸರ್ವೆ ಗೊತ್ತಿದ್ದ ಜಡ್ಜುಗಳು! ಕೆಲಸ ಮಾಡ್ತಾ ಮಾಡ್ತಾ ಕಲಿತ್ರು. ಅವರ ಕೈಕೆಳಗಿದ್ದ ಹುಡುಗ ಕ್ಯಾನ್ವಾಸ್ ವೈಟ್ ಇಂಗ್ಲೆಂಡಿಗೆ ಹೋಗಿ ಅಲ್ಲಿನ ಕಾಲುವೆ ದಂಡೆ ಹಿಡ್ಕೊಂಡು ಕಾಲ್ನಡಿಗೇಲಿ ತಿರುಗಿ ನೋಡ್ಕೊಂಡು ಬಂದ, ಬಂದ್ಮೇಲೆ ಕಾಲುವೆ ದಾರಿ ಹತ್ರವೇ ಸಿಕ್ಕ ಸುಣ್ಣಕಲ್ಲಿಂದ ನೀರೊಳಗೂ ಗಟ್ಟಿಯಾಗೋ ಗಾರೆ ಮಾಡಿದ. ಅದಿಲ್ದಿದ್ರೆ ಲಾಕ್‌ಗಳ ಕಲ್ಲುಕಟ್ಟಡ ನಾಲ್ಕು ಚಳಿಗಾಲ ತಡೀತಿರ್ಲಿಲ್ಲ.

ಬೆಂಗಳೂರಿಂದ: ಹಾಕಿದ ದುಡ್ಡು ವಾಪಸ್ ಬಂತಾ? ರೈಲು ಬಂದ್ಮೇಲೆ ಮುಚ್ಚಿದ್ರಾ?

ಬಂತು, ಸುಮಾರು ಹತ್ತು ವರ್ಷದಲ್ಲೇ ಟೋಲಿಂದ. ರೈಲು ಬಂದ ಕೂಡ್ಲೆ ಕಾಲುವೆ ಸತ್ತೋಯ್ತು ಅನ್ನೋದು ತಪ್ಪು ಕಲ್ಪನೆ. 1831ರಲ್ಲೇ ಆಲ್ಬನಿ-ಸ್ಕೆನೆಕ್ಟಡಿ ರೈಲು ಬಂತು, ಲಾಕ್‌ಗಳ ಸಾಲಲ್ಲಿ ಕಾಯೋಕಾಗದ ಪ್ರಯಾಣಿಕರು ಅದಕ್ಕೆ ಹತ್ತಿದ್ರು, ಸರಕು ಕಾಲುವೇಲೇ ಉಳೀತು. ಕಾಲುವೆ ಆದಾಯಕ್ಕೆ ಕುತ್ತು ಬರ್ಬಾರ್ದು ಅಂತ ಸರಕು ಸಾಗಿಸೋ ರೈಲುಗಳೂ ಕಾಲುವೆ ಟೋಲ್ ಕಟ್ಬೇಕು ಅಂತ ರೂಲ್ಸು ಬೇರೆ, ಅದು ಹೋಗಿದ್ದು 1851ರಲ್ಲಿ. 1836ರಿಂದ 1862ರವರೆಗೆ ಕಾಲುವೇನ 70 ಅಡಿ ಅಗಲ 7 ಅಡಿ ಆಳ ಮಾಡಿದ್ಮೇಲೆ ಒಂದೊಂದು ದೋಣಿ 240 ಟನ್ ಹೊರ್ತಿತ್ತು. ರೈಲಿನ ನಿಜವಾದ ಗೆಲುವು ಚಳಿಗಾಲದಲ್ಲಿ, ಡಿಸೆಂಬರಿಂದ ಏಪ್ರಿಲ್‌ವರೆಗೆ ಕಾಲುವೆ ಹೆಪ್ಪುಗಟ್ಟಿದ್ರೆ ರೈಲು ಓಡ್ತಾ ಇರುತ್ತೆ. 1882ರಲ್ಲಿ ಟೋಲೇ ತೆಗೆದುಹಾಕಿದ್ರು.

ಕಾರವಾರದಿಂದ: ಹಾಗಾದ್ರೆ ಸ್ಟೀಮ್ ಬೋಟಿಂದ ದೊಡ್ಡ ಉಪಯೋಗ ಆಗಿದ್ದು ಎಲ್ಲಿ? ಮತ್ತೆ ಬಾಯ್ಲರ್ ಸಿಡಿದು ಜನ ಸಾಯ್ತಿದ್ರಂತೆ, ಹೌದಾ?

ದೊಡ್ಡ ಹೊಳೆಗಳಲ್ಲಿ. ಹೊಳೆ ಪುಕ್ಕಟೆ ಕೆಳಕ್ಕೆ ಒಯ್ಯುತ್ತೆ, ಮೇಲಕ್ಕೆ ಯಾರು ತರ್ತಾರೆ? ಒಹಾಯೋ ಕಣಿವೆ ರೈತರು ಹಲಗೆ ಹೊಡೆದು ಚಪ್ಪಟೆ ದೋಣಿ ಮಾಡಿ, ಹಿಟ್ಟು ಹಂದಿಮಾಂಸ ತುಂಬಿ ಮಿಸಿಸಿಪ್ಪಿಯಲ್ಲಿ ತೇಲ್ಕೊಂಡು ನ್ಯೂಆರ್ಲಿಯನ್ಸಿಗೆ ಹೋಗಿ, ಸರಕಿನ ಜೊತೆ ದೋಣಿ ಹಲಗೇನೂ ಕಿತ್ತು ಮಾರಿ, ನ್ಯಾಚೆಜ್ ಅನ್ನೋ ಊರಿಂದ ಕಾಡುದಾರಿ ಹಿಡಿದು ನಡ್ಕೊಂಡು ಮನೆಗೆ ಬರ್ತಿದ್ರು. ದೋಣಿ ಸಮೇತ ಮೇಲೆ ಬರ್ಬೇಕಂದ್ರೆ ಗಣೆ ಹಾಕಿ ತಳ್ಳಿ ಹಗ್ಗ ಕಟ್ಟಿ ಎಳೆದು ಮೂರ್ನಾಲ್ಕು ತಿಂಗಳು. 1815ರಲ್ಲಿ ಹೆನ್ರಿ ಶ್ರೀವ್ ನಾಯಕನಾಗಿದ್ದ 'ಎಂಟರ್‌ಪ್ರೈಸ್' ಸ್ಟೀಮರ್ ನ್ಯೂಆರ್ಲಿಯನ್ಸಿಂದ ಲೂಯಿವಿಲ್ಲಿಗೆ 25 ದಿನದಲ್ಲಿ ಹತ್ತಿತು. ಮೇಲ್ಮುಖ ಸಾಗಾಟದ ಬಾಡಿಗೆ ಕೆಲವು ದಶಕದಲ್ಲಿ ಹತ್ತರಲ್ಲೊಂದು ಪಾಲಿಗಿಂತ ಕೆಳಗೆ ಬಂತು. ಇನ್ನೊಂದು ಮಜಾ ಏನಂದ್ರೆ ಸ್ಟೀಮರ್ ಬಂದು ಚಪ್ಪಟೆ ದೋಣಿ ಮಾಯ ಆಗ್ಲಿಲ್ಲ, 1840ರ ದಶಕದವರೆಗೂ ಹೆಚ್ಚಾಗ್ತಾನೇ ಹೋದ್ವು, ಯಾಕಂದ್ರೆ ಸರಕು ತೇಲಿಸ್ಕೊಂಡು ಹೋದವರು ವಾಪಸ್ ಸ್ಟೀಮರ್ ಡೆಕ್ಕಿನ ಮೇಲೆ ಅಗ್ಗದ ಟಿಕೆಟ್ಟಲ್ಲಿ ಬರ್ಬಹುದಾಗಿತ್ತು. ಅದೇ ಡೆಕ್ಕುಗಳ ಮೇಲೆ ಗುಲಾಮರು ಬೆಳೆದ ಹತ್ತಿ ಹೋಗ್ತಿತ್ತು, ಮಾರಾಟಕ್ಕೆ ಅಂತ ಗುಲಾಮರನ್ನೂ ಹೊಳೆ ಕೆಳಗಿನ ತೋಟಗಳಿಗೆ ಒಯ್ತಿದ್ರು. ಲಾಭದ ಲೆಕ್ಕ ಹೇಳುವಾಗ ಇದನ್ನ ಬಿಡೋಕಾಗಲ್ಲ.

ಬಾಯ್ಲರ್ ವಿಷಯ ನಿಜ. ಅಲ್ಲಿ ಹಗುರ, ಅಗ್ಗ ಅಂತ ಅಧಿಕ ಒತ್ತಡದ ಇಂಜಿನ್ ಹಾಕಿದ್ರು, ನೀರು ನೋಡಿದ್ರೆ ಕೆಸರು, ಕೆಸರು ಬಾಯ್ಲರ್ ತಳದಲ್ಲಿ ಕೂತು ಆ ಜಾಗದ ಲೋಹ ಕಾದು ಮೆತ್ತಗಾಗೋದು, ಅದರ ಮೇಲೆ ಕ್ಯಾಪ್ಟನ್‌ಗಳಿಗೆ ರೇಸ್ ಹುಚ್ಚು. 1865ರ ಏಪ್ರಿಲ್ 27ರಂದು ಮೆಂಫಿಸ್ ಹತ್ರ 'ಸುಲ್ತಾನಾ' ಸಿಡೀತು. 376 ಜನಕ್ಕೆ ಅಂತ ಇದ್ದ ಹಡಗಲ್ಲಿ 2,000ಕ್ಕೂ ಮೇಲೆ ತುಂಬಿದ್ರು, ಬಹುಪಾಲು ಅಮೆರಿಕದ ಅಂತರ್ಯುದ್ಧದಲ್ಲಿ ಕೈದಿಗಳಾಗಿದ್ದು ಬಿಡುಗಡೆಯಾಗಿ ಮನೆಗೆ ಹೊರಟ ಸೈನಿಕರು, ಸಾವಿರಕ್ಕಿಂತ ಹೆಚ್ಚು ಜನ ಹೋದ್ರು. ಬಾಯ್ಲರ್ ತಪಾಸಣೆಗೆ 1838ರಲ್ಲಿ ಒಂದು ಕಾನೂನು, ಅದು ಸಾಲದೆ 1852ರಲ್ಲಿ ಇನ್ನೊಂದು ಬಿಗಿ ಕಾನೂನು ಅಷ್ಟೊತ್ತಿಗಾಗ್ಲೇ ಬಂದಿದ್ವು, ಆದ್ರೂ ಹೀಗಾಯ್ತು.

ರಾಯಚೂರಿಂದ: ನಮ್ಮ ಕಡಿ ಯಾಕ ಇಂಥ ದೋಣಿ ಕಾಲುವಿ ಮಾಡ್ಲಿಲ್ರಿ?

ಮಾಡಿದ್ರು ಸರ್, ನಿಮ್ಮ ತುಂಗಭದ್ರೆಯಿಂದಲೇ! ಸರ್ ಆರ್ಥರ್ ಕಾಟನ್ ಗೋದಾವರಿ ಅಣೆಕಟ್ಟು ಕಟ್ಟಿಸಿದವರು, ರೈಲಿಗಿಂತ ಕಾಲುವೆ ಅಗ್ಗ ಅಂತ ಜೀವನ ಪೂರ್ತಿ ವಾದ ಮಾಡಿದ್ರು. ಅವರ ಯೋಚನೆ ಮೇಲೆ ಮದ್ರಾಸ್ ನೀರಾವರಿ ಮತ್ತು ಕಾಲುವೆ ಕಂಪನಿ ಅಂತ ಒಂದು ಖಾಸಗಿ ಕಂಪನಿ ಹುಟ್ಕೊಂಡು, ಸರ್ಕಾರದ 5% ಬಡ್ಡಿ ಗ್ಯಾರಂಟಿ ಹಿಡ್ಕೊಂಡು, ಕರ್ನೂಲು ಹತ್ರದ ಸುಂಕೇಸುಲದಲ್ಲಿ ಒಡ್ಡು ಹಾಕಿ ಕಡಪಾವರೆಗೆ ಕಾಲುವೆ ತೋಡ್ತು, ನೀರಾವರಿಗೂ ಆಗ್ಬೇಕು ದೋಣಿಗೂ ಆಗ್ಬೇಕು ಅಂತ ಲಾಕ್ ಸಮೇತ. 1870ರ ಸುಮಾರಿಗೆ ಮುಗೀತು. 1871ಕ್ಕೆ ಮದ್ರಾಸಿನ ರೈಲು ಕಡಪಾ, ಗುಂತಕಲ್ ಮೇಲಾಸಿ ನಿಮ್ಮ ರಾಯಚೂರಿಗೆ ಬಂದು ಮುಂಬೈ ಲೈನ್ ಸೇರ್ಕೊಳ್ತು. ಆಮೇಲೆ ಯಾರು ದೋಣೀಲಿ ಸರಕು ಹಾಕ್ತಾರೆ? ನೀರಿಗೂ ಗಿರಾಕಿ ಇಲ್ಲ, ಎರೆಭೂಮಿ ರೈತರು ಜೋಳ ಹತ್ತಿ ಮಳೆಗೇ ಬರ್ತದೆ, ನೀರಿನ ತೆರಿಗೆ ಯಾಕೆ ಅಂದ್ರು. 1882ರಲ್ಲಿ ಸರ್ಕಾರ ಕೊಂಡ್ಕೊಂಡ್ಬಿಡ್ತು. ಈರಿ ಕಾಲುವೆಗೆ ಒಂದು ತುದೀಲಿ ಎಂದೂ ಬತ್ತದ ಸರೋವರ, ಇನ್ನೊಂದು ತುದೀಲಿ ಸಮುದ್ರ ಬಂದರು, ಮೇಲಾಗಿ ರೈಲಿಗಿಂತ ಮೊದಲು ಸಿಕ್ಕ ವರ್ಷಗಳು. ಸುಂಕೇಸುಲಕ್ಕೆ ಮೂರೂ ಇರ್ಲಿಲ್ಲ. ಕಾಟನ್ ಸಾಹೇಬರ ಲೆಕ್ಕ ಕಾಗದದ ಮೇಲೆ ಸರಿಯಿತ್ತು, ನಮ್ಮ ಬೇಸಿಗೆ ಅದರಲ್ಲಿ ಸೇರಿರ್ಲಿಲ್ಲ ಅಂತ ನನ್ನ ಅನಿಸಿಕೆ.

ಅಮೆರಿಕದ ಸಿರಾಕ್ಯೂಸ್‌ನಿಂದ ಒಬ್ಬ ಕನ್ನಡಿಗರು: ನಾನಿರೋ ಊರಲ್ಲಿ ಈರಿ ಬುಲೆವಾರ್ಡ್ ಅಂತ ದೊಡ್ಡ ರಸ್ತೆ ಇದೆ, ಕಾಲುವೆ ಮಾತ್ರ ಕಾಣಲ್ಲ. ಅಪ್ಪ ಅಮ್ಮ ಬರ್ತಿದ್ದಾರೆ, ಏನು ತೋರಿಸ್ಲಿ?

ನೀವು ದಿನಾ ಕಾರು ಓಡಿಸ್ತಿರೋದು ಕಾಲುವೆ ಮೇಲೇ! 1918ರಲ್ಲಿ ಊರಾಚೆ ದೊಡ್ಡ ಬಾರ್ಜ್ ಕಾಲುವೆ ತೆರೆದ ಮೇಲೆ ಊರೊಳಗಿಂದು ಬೇಡವಾಗಿ, ಮುಚ್ಚಿ ರಸ್ತೆ ಮಾಡಿದ್ರು. ಆ ರಸ್ತೆ ಪಕ್ಕದಲ್ಲೇ 1850ರ ವೇಲಾಕ್ ಕಟ್ಟಡ ಇದೆ, ದೋಣೀನೇ ತೂಕ ಹಾಕಿ ಟೋಲ್ ವಸೂಲು ಮಾಡ್ತಿದ್ದ ಜಾಗ, ಈಗ ಈರಿ ಕಾಲುವೆ ಮ್ಯೂಸಿಯಂ, ಮೊದಲು ಅದನ್ನ ತೋರ್ಸಿ. ರಾಚೆಸ್ಟರಲ್ಲಿ ಕಾಲುವೆ ಹಳ್ಳದಲ್ಲಿ 1927ರಿಂದ 1956ರವರೆಗೆ ಸಬ್‌ವೇ ರೈಲು ಓಡಿತ್ತು, ಕಾಲುವೆ ಹೊತ್ತ ಕಲ್ಲಿನ ಸೇತುವೆ ಇನ್ನೂ ಇದೆ. ಟೈಮ್ ಇದ್ರೆ ಲಾಕ್‌ಪೋರ್ಟಿಗೆ ಹೋಗಿ, ಹಳೇ ಐದು ಮೆಟ್ಟಿಲ ಲಾಕಿನ ಒಂದು ಸಾಲು ಉಳಿಸ್ಕೊಂಡಿದ್ದಾರೆ, ಪಕ್ಕದಲ್ಲೇ ಈಗಿನ ದೊಡ್ಡ ಲಾಕ್ ಕೆಲಸ ಮಾಡೋದನ್ನೂ ನೋಡ್ಬಹುದು. ದೋಣಿ ಸೀಸನ್ ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಅಷ್ಟೇ, ಆಮೇಲೆ ನೀರು ಇಳಿಸಿಬಿಡ್ತಾರೆ, ಟಿಕೆಟ್ ಬುಕ್ ಮಾಡೋಕೆ ಮುಂಚೆ ಅದೊಂದು ನೋಡ್ಕೊಳ್ಳಿ.